ಅಶ್ಮಿತಾಳನ್ನು ಯಾವ ಶಾಲೆಗೆ ಸೇರಿಸುವುದು?

ಏಪ್ರಿಲಿನಲ್ಲಿ ಹೊಸವರ್ಷದ ಬಿಸು ಹಬ್ಬ ಕಳೆಯುವುದೇ ತಡ, ನಮ್ಮ ಕಡೆ ಮಕ್ಕಳಿರುವ ಮನೆಗಳಿಗೆ ಶಾಲೆಯವರು ಬರಲು ಸುರು. ಒಬ್ಬರು ಬಣ್ಣದ ನೋಟೀಸು ಕೊಡುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಬಸ್ಸಿನ ಫೋಟೋ ತೋರಿಸುತ್ತಾರೆ. ನೆಕ್ರಾಜೆಯ ವಿಜೇತಾಳ ಮನೆಗೂ ಬಂದು ಹೋದರು. ವಿಜೇತಾ ಮನೆಯಲ್ಲೇ ಕೂತು ರವಿಕೆ ಹೊಲಿಯುವವಳು. ಗಂಡ ಹರಿನಾಥ ವಿದ್ಯಾನಗರದ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಒಬ್ಬಳೇ ಮಗಳು ಅಶ್ಮಿತಾ. ಆರು ತುಂಬಿತು, ಜೂನಿನಲ್ಲಿ ಒಂದನೇ ಕ್ಲಾಸಿಗೆ ಹೋಗಬೇಕು.

ಅಶ್ಮಿತಾ ಎರಡು ವರ್ಷ ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗಿದ್ದಳು. ಬಸ್ಸು ಗೇಟಿಗೇ ಬರುತ್ತಿತ್ತು. ಮಗು ಟೈ ಕಟ್ಟಿಕೊಂಡು ಹತ್ತುವುದನ್ನು ನೋಡಲು ವಿಜೇತಾಳಿಗೆ ಬಹಳ ಖುಷಿ. ಮೊದಲ ಮೀಟಿಂಗಿನಲ್ಲೇ ಶಾಲೆಯವರು ಹೇಳಿದ್ದರು: "ಮನೆಯಲ್ಲಿಯೂ ಇಂಗ್ಲಿಷೇ ಮಾತಾಡಿ. ತುಳು ಬೆರೆಸಿದರೆ ಮಗುವಿಗೆ ಗೊಂದಲ ಆಗುತ್ತದೆ."

ವಿಜೇತಾ ತನಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲೇ ಅದನ್ನು ಪಾಲಿಸಿದಳು. ಅದಕ್ಕೆ ಕಾರಣವೂ ಇತ್ತು. ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಇಂಗ್ಲಿಷಿನಲ್ಲಿ ಗಡಗಡನೆ ಏನೋ ಹೇಳಿ ಹೋಗಿದ್ದರು. ಕೇಳಬೇಕೆಂದಿದ್ದ ಒಂದೇ ಒಂದು ಪ್ರಶ್ನೆ ಅವಳ ಗಂಟಲಲ್ಲೇ ಉಳಿಯಿತು. ಮಗಳಿಗೆ ಆ ಗತಿ ಬರಬಾರದು ಎಂದು ಅವಳು ಅಂದೇ ತೀರ್ಮಾನ ಮಾಡಿದ್ದಳು.

ಮನೆಯಲ್ಲಿ ಅತ್ತೆ ಶಂಕರಿಯಮ್ಮ ಇದ್ದರು. ಅವರಿಗೆ ಮಾತಾಡಲು ಬರುವುದು ತುಳು ಒಂದೇ. ವಿಜೇತಾ ಮೆಲ್ಲಗೆ ಹೇಳಿದ್ದಳು: "ಅತ್ತೆ, ಮಗುವಿನ ಎದುರು ತುಳು ಸ್ವಲ್ಪ ಕಡಿಮೆ ಮಾಡಿ. ಅವಳ ಒಳ್ಳೆಯದಕ್ಕೇ."

"ಆಯಿತು" ಎಂದಿದ್ದರು ಶಂಕರಿಯಮ್ಮ. ಅವರು ಕಡಿಮೆ ಮಾಡಲಿಲ್ಲ, ಪೂರಾ ನಿಲ್ಲಿಸಿಯೇ ಬಿಟ್ಟರು. ಮೊಮ್ಮಗಳ ತಲೆ ಬಾಚುವಾಗಲೂ ಮಾತಿಲ್ಲ, ಗಂಜಿ ಉಣಿಸುವಾಗಲೂ ಮಾತಿಲ್ಲ. ಎರಡು ವರ್ಷ ಹಾಗೆಯೇ ಕಳೆಯಿತು.

ಅಶ್ಮಿತಾ ಇಂಗ್ಲಿಷ್ ಹಾಡು ಕಲಿತಳು, ನೂರರವರೆಗೆ ಎಣಿಸಲು ಕಲಿತಳು. ಆದರೆ ಯಾರಾದರೂ ಏನಾದರೂ ಕೇಳಿದರೆ ಮೊದಲು ಅಮ್ಮನ ಮುಖ ನೋಡುತ್ತಿದ್ದಳು. ಯಾವ ಭಾಷೆಯಲ್ಲಿ ಹೇಳಿದರೆ ಸರಿ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಕೇಳಿದವರು ಎದ್ದು ಹೋಗುತ್ತಿದ್ದರು. ಯುಕೆಜಿ ಮುಗಿಯುವ ಹೊತ್ತಿಗೆ ಮಗು ಮನೆಯ ಹೊರಗೆ ಬಾಯಿ ತೆರೆಯುವುದನ್ನೇ ಬಿಟ್ಟಿತ್ತು.

"ಅದೇ ಶಾಲೆಯಲ್ಲಿ ಮುಂದುವರಿಯಲಿ, ದೊಡ್ಡವಳಾದಾಗ ಸರಿಯಾಗುತ್ತದೆ" ಎಂದ ಹರಿನಾಥ. ಅವನ ತಮ್ಮ ಉಜ್ವಲ್ ಫೋನಿನಲ್ಲಿ ಬೇರೆಯೇ ಹೇಳಿದ: "ಶಾಲೆಯೇ ಬೇಡ ಅತ್ತಿಗೆ. ಮನೆಯಲ್ಲೇ ಕಲಿಸಿ. ಈಗ ಎಲ್ಲ ಮೊಬೈಲಿನಲ್ಲೇ ಉಂಟು."

ವಿಜೇತಾಳಿಗೆ ನಿದ್ದೆಯಿಲ್ಲ. ಮಗಳ ಮಾತು ಇನ್ನೂ ಒಳಗೆ ಹೋಗಿಬಿಟ್ಟರೆ?

ಆ ಭಾನುವಾರ ನೆರೆಮನೆಯ ರೋಸ್ಮೇರಿ ಬಂದಳು. ಕುಟುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನ ಸೆಕ್ರೆಟರಿ, ದೊಡ್ಡ ಬಾಯಿಯವಳು. ಅವಳ ಮಗ ಶಾನ್ ಊರಿನ ಸರಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿದ್ದ.

"ಎಂತ ವಿಜೇತಾ, ಈಸ್ಟರಿಗೆ ಕೊಡುತ್ತೇನೆ ಅಂದ ರವಿಕೆ! ಈಸ್ಟರ್ ಹೋಯಿತು, ನಿಮ್ಮ ಬಿಸುವೂ ಹೋಯಿತು. ಇನ್ನು ನಾನು ಕ್ರಿಸ್ಮಸ್ಸಿಗೆ ಹಾಕುವುದಾ?"

"ತಲೆ ಸರಿ ಇಲ್ಲ ರೋಸ್ಮೇರಿ ಬಾಯಿ. ಕೂತುಕೊಳ್ಳಿ" ಎಂದು ವಿಜೇತಾ ಎಲ್ಲವನ್ನೂ ಹೇಳಿದಳು.

"ನಮ್ಮ ಊರ ಶಾಲೆಗೆ ಹಾಕಬಾರದಾ?"

ಜಗಲಿಯಲ್ಲಿ ಪೇಪರು ಓದುತ್ತಿದ್ದ ಹರಿನಾಥ ನಕ್ಕ. "ಸರಕಾರಿ ಶಾಲೆಗಾ?"

"ಯಾಕೆ ಹರಿಯಣ್ಣ? ಸಂಬಳ ಸರಕಾರದ್ದು ಆಗುತ್ತದೆ, ಶಾಲೆ ಆಗುವುದಿಲ್ಲವಾ?"

"ನಾನು ಸರಕಾರದ ಒಳಗೇ ಇರುವವನು ರೋಸ್ಮೇರಿ ಬಾಯಿ. ಅದಕ್ಕೇ ಹೆದರಿಕೆ."

ಎಲ್ಲರೂ ನಕ್ಕರು. ರೋಸ್ಮೇರಿ ಬಿಡಲಿಲ್ಲ. "ಸರಿ, ಒಂದು ಕೇಳುತ್ತೇನೆ. ನೀವು ಆ ಶಾಲೆಯ ಒಳಗೆ ಕಾಲಿಟ್ಟದ್ದು ಯಾವಾಗ?"

"ಓಟು ಹಾಕಲಿಕ್ಕೆ ಹೋಗುತ್ತೇವಲ್ಲ."

"ಅಯ್ಯೋ ಮಾರಾಯ್ರೆ, ಓಟಿನ ದಿನ ಅಲ್ಲಿ ಮಕ್ಕಳಿರುತ್ತಾರಾ, ಟೀಚರ್ ಇರುತ್ತಾರಾ? ಹೋಗಲಿ, ಪೇಟೆ ಶಾಲೆಯ ಕ್ಲಾಸನ್ನಾದರೂ ನೋಡಿದ್ದೀರಾ?"

ಹರಿನಾಥ ವಿಜೇತಾಳನ್ನು ನೋಡಿದ. ವಿಜೇತಾ ಹೇಳಿದಳು: "ಆಫೀಸಿನವರೆಗೆ ಮಾತ್ರ ಬಿಡುವುದು. ನಾವೂ ಒಳಗೆ ಬಿಡಿ ಅಂತ ಕೇಳಲಿಲ್ಲ."

"ನೋಡಿ! ಒಂದು ಮೀಟರ್ ಬಟ್ಟೆ ತರುವಾಗ ಇವಳು ಬಣ್ಣ ಹೋಗುತ್ತದಾ ಅಂತ ಮೂಲೆ ಒದ್ದೆ ಮಾಡಿ ನೋಡುತ್ತಾಳೆ. ಮಗುವನ್ನು ಮಾತ್ರ ನೋಡದೆ ಕೊಡುವುದು! ಶುಕ್ರವಾರ ಇಪ್ಪತ್ತನಾಲ್ಕನೇ ತಾರೀಕು ಶಾಲೆಯಲ್ಲಿ ಒಂದು ಕಾರ್ಯಕ್ರಮ ಉಂಟು. ರಜೆಯಾದರೂ ಮಕ್ಕಳು ಬರುತ್ತಾರೆ. ಹನ್ನೊಂದೂವರೆಗೆ ಬಾ. ಅತ್ತೆಯನ್ನೂ ಕರೆದುಕೊಂಡು ಬಾ."

"ಎಂತ ಕಾರ್ಯಕ್ರಮ?"

"ನೆರಳು ಮಾಯ ಆಗುವುದು" ಎಂದು ಹೇಳಿ ರೋಸ್ಮೇರಿ ಹೊರಟೇಬಿಟ್ಟಳು.

ಶುಕ್ರವಾರ ಹರಿನಾಥ ಕೆಲಸಕ್ಕೆ ಹೋದ. ವಿಜೇತಾ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಶಾಲೆಗೆ ನಡೆದಳು. ಹತ್ತು ನಿಮಿಷದ ದಾರಿ. ಕೆಂಪುಕಲ್ಲಿನ ಹಳೆ ಕಟ್ಟಡ, ಮುಂದೆ ಗಟ್ಟಿ ನೆಲದ ಅಂಗಳ. ಆಕಾಶದಲ್ಲಿ ಒಂದು ಮೋಡವಿಲ್ಲ. ಅಂಗಳದ ನಡುವೆ ಒಂದನೇ ಕ್ಲಾಸಿನ ಲೋಲಾಕ್ಷಿ ಟೀಚರ್ ಒಂದು ಮೀಟರ್ ಉದ್ದದ ನೀರಿನ ಪೈಪನ್ನು ಮರಳಿನ ಬಾಲ್ದಿಯಲ್ಲಿ ನಿಲ್ಲಿಸಿದ್ದರು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಪೈಪು ನೆಟ್ಟಗೆ ಉಂಟಾ ಎಂದು ಮಕ್ಕಳೇ ನೋಡುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ಮಕ್ಕಳಿದ್ದರು. ಐದು ನಿಮಿಷಕ್ಕೊಮ್ಮೆ ಒಬ್ಬರು ಬಂದು ನೆರಳಿನ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು.

ಹನ್ನೊಂದೂವರೆಗೆ ಬಾಲ್ದಿಯ ಬಾಯಿಗೆ ಕಟ್ಟಿದ ಬಿಳಿ ರಟ್ಟಿನ ಮೇಲೆ ಪೈಪಿನ ನೆರಳು ಒಂದು ಗೇಣು ಇತ್ತು. ಹನ್ನೆರಡಕ್ಕೆ ಅರ್ಧ ಗೇಣು.

"ಇನ್ನು ಸ್ವಲ್ಪ ಹೊತ್ತಿಗೆ ಎಂತ ಆಗಬಹುದು?" ಎಂದು ಟೀಚರ್ ಕೇಳಿದರು.

ಒಬ್ಬ ಹುಡುಗ ಮಲಯಾಳದಲ್ಲಿ ಹೇಳಿದ. ಒಂದು ಹುಡುಗಿ ಬ್ಯಾರಿ ಭಾಷೆಯಲ್ಲಿ ಅವನನ್ನು ತಿದ್ದಿದಳು. ಶಾನ್ ಕೊಂಕಣಿಯಲ್ಲಿ ಸುರು ಮಾಡಿ ಕನ್ನಡದಲ್ಲಿ ಮುಗಿಸಿದ. "ನೆರಳನ್ನು ಪೈಪು ಕುಡಿಯುತ್ತದೆ ಟೀಚರ್" ಎಂದಳು ಒಬ್ಬಳು ಚಿಕ್ಕವಳು. ಟೀಚರ್ ಯಾರಿಗೂ ತಪ್ಪು ಎನ್ನಲಿಲ್ಲ. ಎಲ್ಲವನ್ನೂ ಹಲಗೆಯಲ್ಲಿ ಕನ್ನಡದಲ್ಲಿ ಬರೆದರು. "ಯಾರದ್ದು ಸರಿ ಅಂತ ಸೂರ್ಯನೇ ಹೇಳಲಿ."

"ಹನ್ನೆರಡು ಗಂಟೆ ಆಯಿತಲ್ಲ, ಸೂರ್ಯ ಇನ್ನೂ ನೆತ್ತಿಗೆ ಬರಲಿಲ್ಲವಾ?" ವಿಜೇತಾ ಮೆಲ್ಲಗೆ ರೋಸ್ಮೇರಿಯನ್ನು ಕೇಳಿದಳು. ಟೀಚರಿಗೆ ಕೇಳಿಸಿತು.

"ಒಳ್ಳೆ ಪ್ರಶ್ನೆ. ನಮ್ಮ ಗಡಿಯಾರ ನಡೆಯುವುದು ಅಲಹಾಬಾದಿನ ಹತ್ತಿರದ ಹೊತ್ತಿಗೆ. ಅಲ್ಲಿ ಮಧ್ಯಾಹ್ನವಾಗಿ ಹೆಚ್ಚುಕಮ್ಮಿ ಅರ್ಧ ಗಂಟೆಗೆ ನಮ್ಮಲ್ಲಿ ಮಧ್ಯಾಹ್ನ. ಇವತ್ತು ನಮಗೆ ಹನ್ನೆರಡು ಗಂಟೆ ಇಪ್ಪತ್ತೇಳು ನಿಮಿಷಕ್ಕೆ."

ವಿಜೇತಾಳ ಕೈಯಲ್ಲಿ ಮಗಳ ಬೆರಳು ಬಿಗಿಯಾಯಿತು. ಹನ್ನೆರಡು ಇಪ್ಪತ್ತಕ್ಕೆ ನೆರಳು ಎರಡು ಬೆರಳಷ್ಟು. ಇಪ್ಪತ್ತೈದಕ್ಕೆ ಒಂದು ಗೆರೆ. ಮಕ್ಕಳೆಲ್ಲ ಮೊಣಕಾಲೂರಿ ಬಗ್ಗಿದರು. ನೋಡುತ್ತಿರುವಂತೆಯೇ ಆ ಗೆರೆಯೂ ಪೈಪಿನ ಬುಡಕ್ಕೆ ಸರಿದು ಇಲ್ಲದಾಯಿತು.

ಸುಡುಬಿಸಿಲಿನ ನಡುವೆ ಪೈಪು ನಿಂತಿತ್ತು. ಅದಕ್ಕೆ ನೆರಳೇ ಇರಲಿಲ್ಲ.

ಮೂವತ್ತೆರಡು ವರ್ಷ ಇದೇ ಸೀಮೆಯ ಬಿಸಿಲಿನಲ್ಲಿ ನಡೆದವಳು ವಿಜೇತಾ. ತಲೆಯ ಮೇಲೆ ಇಂಥದ್ದೊಂದು ವರ್ಷ ವರ್ಷವೂ ನಡೆಯುತ್ತದೆಂದು ಯಾರೂ ಹೇಳಿರಲಿಲ್ಲ. "ಸೂರ್ಯ ಹೀಗೆ ನಮ್ಮ ನೆತ್ತಿಯ ನೇರಕ್ಕೆ ಬರುವುದು ವರ್ಷಕ್ಕೆ ಎರಡೇ ಸಲ" ಎಂದರು ಟೀಚರ್. "ಇನ್ನೊಂದು ಆಗಸ್ಟಿನಲ್ಲಿ, ಆಗ ಹೆಚ್ಚಾಗಿ ಮೋಡ. ದಿಲ್ಲಿಯವರಿಗೆ ಇದು ಒಂದು ಸಲವೂ ಇಲ್ಲ. ಸೂರ್ಯ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ." ಆಮೇಲೆ ದೊಡ್ಡವರ ಕಡೆ ತಿರುಗಿದರು. "ನಿಮ್ಮಲ್ಲಿ ಯಾರಿಗಾದರೂ ಇದು ಮೊದಲೇ ಗೊತ್ತಿತ್ತಾ?"

ಶಂಕರಿಯಮ್ಮನ ತುಟಿ ಅಲುಗಿತು, ಮತ್ತೆ ಮುಚ್ಚಿತು. ಟೀಚರ್ ಅದನ್ನು ಕಂಡರು. "ಹೇಳಿ ಅಮ್ಮ" ಎಂದು ತುಳುವಿನಲ್ಲೇ ಕೇಳಿದರು.

ಶಂಕರಿಯಮ್ಮ ತಿರುಗಿ ಸೊಸೆಯ ಮುಖ ನೋಡಿದರು. ವಿಜೇತಾ ಕಣ್ಣು ತಗ್ಗಿಸಿದಳು. ಕೆಳಗೆ ಅಶ್ಮಿತಾಳೂ ಅವಳ ಮುಖವನ್ನೇ ನೋಡುತ್ತಿದ್ದಳು. ಒಂದು ಮುಖಕ್ಕೆ ಅರವತ್ತೆಂಟು ವರ್ಷ, ಇನ್ನೊಂದಕ್ಕೆ ಆರು. ಎರಡರಲ್ಲೂ ಒಂದೇ ಪ್ರಶ್ನೆ: ಮಾತಾಡಬಹುದಾ?

ವಿಜೇತಾಳಿಗೆ ಅದು ಆವರೆಗೆ ಕಂಡಿರಲಿಲ್ಲ. ತನ್ನ ಮನೆಯಲ್ಲಿ ಬಾಯಿ ಕಟ್ಟಿದ್ದು ಒಬ್ಬರದ್ದಲ್ಲ, ಇಬ್ಬರದ್ದು.

"ಹೇಳಿ ಅತ್ತೆ" ಎಂದಳು. "ಮಗುವಿಗೂ ಕೇಳಲಿ. ತುಳುವಿನಲ್ಲೇ ಹೇಳಿ."

ಶಂಕರಿಯಮ್ಮ ಗಂಟಲು ಸರಿ ಮಾಡಿಕೊಂಡರು. "ನಮ್ಮ ಅಪ್ಪೆ, ಹೆತ್ತ ತಾಯಿ, ಹೇಳುತ್ತಿದ್ದರು. ಬಿಸುವಿಗೆ ಸುರುವಾಗುವ ಪಗ್ಗು ತಿಂಗಳು ಹತ್ತು ದಿನ ಹೋಗುವಾಗ ನಡುಮಧ್ಯಾಹ್ನ ಬಾವಿಯ ಒಳಗೆ ನೋಡಬೇಕು. ತಳದ ಕಲ್ಲು ಎಣಿಸಬಹುದು ಅಂತ. ಬೇರೆ ದಿನ ಕಾಣುವುದಿಲ್ಲ."

ಟೀಚರಿಗೂ ಅದು ಹೊಸತು. "ಅಮ್ಮ, ನಾನು ಪುಸ್ತಕ ನೋಡಿ, ಲೆಕ್ಕ ಹಾಕಿ ಈ ದಿನ ಕಂಡುಹಿಡಿದೆ. ನಿಮ್ಮ ಅಪ್ಪೆ ಬಾವಿ ನೋಡಿ ಕಂಡುಹಿಡಿದರಲ್ಲ! ಬನ್ನಿ ಮಕ್ಕಳೇ, ಓಡಬಾರದು. ಸಾಲಾಗಿ."

ಶಾಲೆಯ ಬಾವಿಗೆ ಎತ್ತರದ ಕಟ್ಟೆ, ಮೇಲೆ ಕಬ್ಬಿಣದ ಬಲೆ. ದೊಡ್ಡವರು ಮಕ್ಕಳನ್ನು ಎತ್ತಿ ಹಿಡಿದರು. ಬಿಸಿಲು ಗೋಡೆಗೆ ತಾಗದೆ ನೇರ ಕೆಳಗೆ ಇಳಿದಿತ್ತು. ನೀರಿನ ಮೇಲೆ ಹೆಚ್ಚುಕಮ್ಮಿ ಅಂಚಿನಿಂದ ಅಂಚಿಗೆ ಬೆಳಕು. ಬೇಸಗೆಯ ತಿಳಿನೀರು. ಅದರ ಅಡಿಯಲ್ಲಿ ಕೆಂಪು ಕಲ್ಲುಗಳು ಒಂದೊಂದಾಗಿ ಹೊಳೆಯುತ್ತಿದ್ದವು. ವಿಜೇತಾ ಕೈ ಮುಗಿಯುವುದೊಂದು ಬಾಕಿ.

"ಅಜ್ಜೀ, ಕಲ್ಲ್ ತೋಜುಂಡು!"

ಕಲ್ಲು ಕಾಣುತ್ತದೆ ಎಂದು ತುಳುವಿನಲ್ಲಿ ಕೂಗಿದ್ದು ಅಶ್ಮಿತಾ. ಇಷ್ಟು ಜನರ ನಡುವೆ, ಅಷ್ಟು ದೊಡ್ಡ ದನಿಯಲ್ಲಿ. ಈ ಸಲ ಅವಳು ಅಮ್ಮನ ಮುಖ ನೋಡಲಿಲ್ಲ. ಅಜ್ಜಿಯ ಕುತ್ತಿಗೆಗೆ ಕೈ ಹಾಕಿ ಕೆಳಗೆ ಬಗ್ಗಿದ್ದಳು.

"ಎಷ್ಟು ಉಂಟು, ಎಣಿಸು ನೋಡುವ" ಎಂದರು ಟೀಚರ್.

"ಒಂಜಿ, ರಡ್ಡ್, ಮೂಜಿ..." ಅಲ್ಲಿಗೆ ತುಳು ಲೆಕ್ಕ ಮರೆತುಹೋಯಿತು. "ಫೋರ್, ಫೈವ್, ಸಿಕ್ಸ್..."

ಯಾರೂ ನಗಲಿಲ್ಲ, ಯಾರೂ ತಿದ್ದಲಿಲ್ಲ. ಹನ್ನೊಂದರವರೆಗೆ ಎಣಿಸಿದಳು.

ಆಮೇಲೆ ಜಗಲಿಯಲ್ಲಿ ಎಲ್ಲರಿಗೂ ಬೆಲ್ಲದ ನೀರು ಕೊಟ್ಟರು. ವಿಜೇತಾ ಟೀಚರನ್ನು ಒಂದು ಬದಿಗೆ ಕರೆದಳು. "ಟೀಚರ್, ಸತ್ಯ ಹೇಳಿ. ಇಲ್ಲಿ ಸೇರಿಸಿದರೆ ಇಂಗ್ಲಿಷ್ ಬರುತ್ತದಾ?"

"ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಉಂಟು. ಅವಳು ಕಲಿತದ್ದು ಎಲ್ಲಿಯೂ ಹೋಗುವುದಿಲ್ಲ, ಈಗ ಕೇಳಿದಿರಲ್ಲ. ಮನೆಯ ಮಾತು ಗಟ್ಟಿಯಾದರೆ ಬೇರೆ ಭಾಷೆ ಅದರ ಮೇಲೆ ಕೂರುತ್ತದೆ. ಆದರೆ ನಮ್ಮ ಕೊರತೆಯನ್ನೂ ಹೇಳಬೇಕು. ಬಸ್ಸಿಲ್ಲ. ಜೋರು ಮಳೆಗೆ ಒಂದು ಕ್ಲಾಸು ಸೋರುತ್ತದೆ, ಪಂಚಾಯತಿಗೆ ಬರೆದಿದ್ದೇವೆ. ಅಮ್ಮಂದಿರು ಸೇರಿ ಕೇಳಿದರೆ ಬೇಗ ಆಗುತ್ತದೆ."

"ಮನೆಯಲ್ಲೇ ಕಲಿಸಿದರೆ?"

"ಕಲಿಸುವವರಿದ್ದಾರೆ, ತಪ್ಪಲ್ಲ. ಆದರೆ ದಿನವೂ ಕೂತು ಕಲಿಸಲು ಒಬ್ಬರಿಗೆ ಪುರುಸೊತ್ತು ಬೇಕು. ಮುಂದಿನ ಪರೀಕ್ಷೆಗೆ ದಾರಿ ಯಾವುದೆಂದು ಈಗಲೇ ಕೇಳಿ ತಿಳಿದಿರಬೇಕು. ನಿಮಗೆ ಹೊಲಿಗೆಯ ನಡುವೆ ಆಗುತ್ತದಾ? ಮತ್ತೆ, ನೆರಳನ್ನು ಪೈಪು ಕುಡಿಯುತ್ತದೆ ಅಂತ ಹೇಳುವ ಜೊತೆಗಾರ್ತಿ ಮೊಬೈಲಿನಲ್ಲಿ ಸಿಗುವುದಿಲ್ಲ."

"ಖಾಸಗಿ ಶಾಲೆ?"

"ಅಲ್ಲಿಯೂ ಒಳ್ಳೆ ಟೀಚರ್‌ಗಳಿದ್ದಾರೆ. ನನ್ನ ತಂಗಿಯೇ ಒಬ್ಬಳು. ಇಲ್ಲಿಯೂ ಎಲ್ಲರೂ ಒಂದೇ ಹಾಗೆ ಅಂತ ನಾನು ಹೇಳುವುದಿಲ್ಲ. ಬೋರ್ಡು ನೋಡಬೇಡಿ. ಒಂದು ಗಂಟೆ ಕ್ಲಾಸಿನಲ್ಲಿ ಕೂತು ನೋಡಿ."

ಸಂಜೆ ಆರಕ್ಕೆ ಹರಿನಾಥ ಬಸ್ಸಿಳಿದು ಬಂದ. ಮನೆಯೊಳಗಿನಿಂದ ನಗು, ಮಾತು, ಮಾತಿನ ಮೇಲೆ ಮಾತು. ಅವನು ಗೇಟಿನಲ್ಲೇ ನಿಂತ.

"ಯಾರು ಬಂದಿದ್ದಾರೆ?" ಎಂದು ಕೇಳಿದ.

"ಯಾರೂ ಬರಲಿಲ್ಲ" ಎಂದಳು ವಿಜೇತಾ. "ನಿಮ್ಮ ಮಗಳು, ನಿಮ್ಮ ಅಮ್ಮ."

ಹರಿನಾಥ ಚೀಲ ಹಿಡಿದುಕೊಂಡೇ ಬಾಗಿಲಿನವರೆಗೆ ಬಂದ. ಒಳಗೆ ಹೋದರೆ ಮಾತು ನಿಂತುಬಿಟ್ಟೀತು ಎಂಬ ಹಾಗೆ ಹೊಸ್ತಿಲ ಹೊರಗೇ ನಿಂತು ಕೇಳಿದ. ಎರಡು ವರ್ಷದಲ್ಲಿ ತಾಯಿಯ ದನಿ ಇಷ್ಟು ಹೊತ್ತು ಕೇಳಿದ ನೆನಪು ಅವನಿಗೂ ಇರಲಿಲ್ಲ. ವಿಜೇತಾ ಶಾಲೆಯಲ್ಲಿ ನಡೆದದ್ದನ್ನೂ ಟೀಚರ್ ಹೇಳಿದ ಕೊರತೆಯನ್ನೂ ಮೆಲ್ಲಗೆ ತಿಳಿಸಿದಳು. ಅವನು ಹೇಳಿದ: "ಸೋಮವಾರ ನಾನು ಅರ್ಧ ದಿನ ರಜೆ ಹಾಕುತ್ತೇನೆ. ಜನನ ಪ್ರಮಾಣಪತ್ರ ತೆಗೆದಿಡು. ಆ ಸೋರುವ ಕ್ಲಾಸಿನ ಮಾಡಿನ ಅರ್ಜಿ ಎಲ್ಲಿ ಕೂತಿದೆ ಅಂತಲೂ ನೋಡುತ್ತೇನೆ. ಸರಕಾರದ ಒಳಗೆ ಇದ್ದದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವಾ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈ ಜೂನಿಗೆ ಒಂದು ಮಗು ಶಾಲೆಗೆ ಹೊರಟಿರಬಹುದು. ಎಲ್ಲಿಗೆ ಎಂದು ತೀರ್ಮಾನ ಮಾಡುವ ಮೊದಲು ನೀವೇ ಒಂದು ದಿನ ಹೋಗಿ. ಮೊದಲು ಊರ ಶಾಲೆಗೆ, ಆಮೇಲೆ ಬೇಕಾದ ಕಡೆಗೆ. ಕ್ಲಾಸಿನ ಹಿಂದೆ ಕೂರುತ್ತೇವೆ ಎಂದು ಧೈರ್ಯದಿಂದ ಕೇಳಿ. ಮಕ್ಕಳು ಪ್ರಶ್ನೆ ಕೇಳುತ್ತಾರಾ? ಟೀಚರ್ ತಪ್ಪು ಉತ್ತರವನ್ನೂ ಕಿವಿಗೊಟ್ಟು ಕೇಳುತ್ತಾರಾ? ಕುಡಿಯುವ ನೀರು, ಶೌಚಾಲಯ ಚೊಕ್ಕ ಉಂಟಾ? ನಿಮ್ಮ ಮಗು ಮನೆಯ ಮಾತಿನಲ್ಲಿ ಒಂದು ಶಬ್ದ ಆಡಿದರೆ ಅಲ್ಲಿ ಏನಾಗುತ್ತದೆ? ಬಸ್ಸನ್ನೂ ಟೈಯನ್ನೂ ಕೊನೆಗೆ ನೋಡಿದರೆ ಸಾಕು. ಮನೆಯಲ್ಲೇ ಕಲಿಸುವ ಯೋಚನೆ ಇದ್ದರೆ, ದಿನವೂ ಎಷ್ಟು ಹೊತ್ತು ಕೊಡಬಲ್ಲಿರಿ, ಮಗುವಿಗೆ ಜೊತೆ ಯಾರು ಎಂಬುದನ್ನು ನಿಮ್ಮಷ್ಟಕ್ಕೆ ಸತ್ಯವಾಗಿ ಕೇಳಿಕೊಳ್ಳಿ. ಯಾವ ಶಾಲೆಗೇ ಕಳಿಸಿ, ಮನೆಯ ಭಾಷೆಯನ್ನು ಮಾತ್ರ ಹೊರಗೆ ಕಳಿಸಬೇಡಿ. ಇವತ್ತು ಊಟಕ್ಕೆ ಕೂತಾಗ ಮಗುವನ್ನು ಏನಾದರೂ ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ, ಎದ್ದು ಹೋಗಬೇಡಿ.