ಹಾಲುಹಲ್ಲು

“ಸಾಯೂದ ಗೊತ್ತಿಲ್ಲೇನ ಬೇ ನಿಮ್ಮ ಕುಲಕ್ಕ?” ಹತ್ತಿ ಗಿರಣಿಯ ಮಾಲೀಕ ಕುಬೇರಪ್ಪ ನಗುತ್ತ ಕೇಳಿದ. “ನಿಮ್ಮವ್ವಗ ಎಂಬತ್ತೈದಾತು, ಇನ್ನೂ ರೊಟ್ಟಿ ಕಡೀತಾಳ. ನೀನೂ ಹಂಗ ಕುಂತ ತಿನ್ನಾಕಿ. ನಾಳಿದ್ದಿಂದ ದಿನಗೂಲಿ ಮ್ಯಾಲ ಬಾ, ಪಿಎಫ್ ಗಿಎಫ್ ಇಲ್ಲದ.”

ಗುಡ್ಡವ್ವ ಹತ್ತಿಯ ರಾಶಿಯಿಂದ ಕೈ ತೆಗೆಯಲಿಲ್ಲ. ಸಾಹುಕಾರ ನಕ್ಕನೆಂದರೆ ಒಳಗೆ ಏನೋ ಹುಳುಕಿದೆ ಎಂಬುದು ಅವಳ ನಲವತ್ತು ವರ್ಷದ ಪಾಠ.

“ಐವತ್ತೆಂಟ ತುಂಬ್ತು, ರಿಟೈರು,” ಎಂದ ಮ್ಯಾನೇಜರ್ ಪ್ರಸಾದ. “ನಾಳೆ ನಿನಗ ಸನ್ಮಾನ ಐತಿ.”

ಸನ್ಮಾನವಂತೆ! ಈ ಗಿರಣಿಯಲ್ಲಿ ಇವತ್ತಿಗೂ ಅವಳಿಗೆ ಚಹಾ ಕಾಗದದ ಕಪ್ಪಿನಲ್ಲಿ, ಉಳಿದವರಿಗೆ ಸ್ಟೀಲಿನ ಲೋಟದಲ್ಲಿ. ಅಂಥವರು ಶಾಲು ಹೊದಿಸುತ್ತೇವೆಂದರೆ ನಂಬುವುದು ಹೇಗೆ? ಹಾರ ಯಾಕೆ ಹಾಕುತ್ತಾರೆಂದು ಕುರಿಗೆ ಗೊತ್ತಿಲ್ಲದಿರಬಹುದು, ಗುಡ್ಡವ್ವನಿಗೆ ಗೊತ್ತಿತ್ತು.

ಅವಳ ಖರೇ ವಯಸ್ಸು ಐವತ್ತು. ಹತ್ತು ವರ್ಷದವಳಿದ್ದಾಗ ಅವ್ವ ಕೈಹಿಡಿದು ಇಲ್ಲಿಗೆ ಕರೆತಂದಿದ್ದಳು. ಅವತ್ತು ಕಾರ್ಮಿಕ ಇಲಾಖೆಯ ತಪಾಸಣೆಯವರು ಬರುವವರಿದ್ದರು. ಕೂಲಿಯವರ ಮೇಲ್ವಿಚಾರಕ ಮುಕಾದಮ, ಸಂತೆಯಲ್ಲಿ ಎತ್ತಿನ ಬಾಯಿ ಅಗಲಿಸುವಂತೆ ಅವಳ ಬಾಯಿ ಅಗಲಿಸಿ ನೋಡಿದ. ಅಲುಗಾಡುತ್ತಿದ್ದ ಹಾಲುಹಲ್ಲೊಂದು ಸಿಕ್ಕಿತು. ಕಿತ್ತು ಎಸೆದವನೇ, “ಬರಕೋರಿ, ಹದಿನೆಂಟು” ಎಂದು ಗುಮಾಸ್ತನಿಗೆ ಹೇಳಿದ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಕುಬೇರಪ್ಪ ಬಿದ್ದು ಬಿದ್ದು ನಕ್ಕಿದ್ದ. ಹತ್ತಿಯ ಮೇಲೆ ರಕ್ತ ಉಗುಳಿದ್ದಕ್ಕೆ ಹುಡುಗಿಯ ಕಪಾಳಕ್ಕೆ ಏಟು ಬಿತ್ತು. ಅವ್ವ ಆ ಹಲ್ಲನ್ನು ಹುಡುಕಿ, ರೂಢಿಯಂತೆ ಸಗಣಿಯಲ್ಲಿ ಸುತ್ತಿ, ಗಿರಣಿಯ ತಗಡಿನ ಮೇಲೆಯೇ ಒಗೆದಿದ್ದಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳ ಹೆಸರಿಗೆ ಪಿಎಫ್ ಕಟ್ಟಿರಲಿಲ್ಲ. ಕಾಯಿದೆ ಬಿಗಿಯಾದ ಮೇಲೆ ಕಟ್ಟತೊಡಗಿ ಒಂಬತ್ತು ವರ್ಷ ನಾಲ್ಕು ತಿಂಗಳಾಗಿತ್ತು. ಹತ್ತು ವರ್ಷ ತುಂಬಿದರೆ ಸಾಯುವವರೆಗೆ ಪಿಂಚಣಿ; ಈಗಲೇ ಐವತ್ತೆಂಟೆಂದು ನಿಲ್ಲಿಸಿದರೆ ಅದಿಲ್ಲ. ಅವ್ವನಷ್ಟೇ ಬದುಕಿದರೆ ಇನ್ನೂ ಮೂವತ್ತೈದು ವರ್ಷದ ರೊಟ್ಟಿ ಆ ಎಂಟು ತಿಂಗಳಲ್ಲಿತ್ತು.

ಮರುದಿನ ನಲವತ್ತು ಹೆಂಗಸರ ಎದುರು ಕುಬೇರಪ್ಪ ಶಾಲನ್ನು ಕೈ ತಾಗದಂತೆ ಮೇಲಿಂದಲೇ ಅವಳ ಹೆಗಲಿಗೆ ಬಿಟ್ಟ. ಪ್ರಸಾದ ಶಾಯಿಯ ಡಬ್ಬಿ, ಒಂದು ಕಾಗದ ಮುಂದಿಟ್ಟ.

“ಶಾಲು ಮುಟ್ಟಿದ್ದಕ್ಕ ಒಂದ ಹೆಬ್ಬಟ್ಟ ಒತ್ತು.”

ಗುಡ್ಡವ್ವ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಳು. ಆದರೆ ಕಾಗದವನ್ನು ಎತ್ತಿ ಭಾಗ್ಯಶ್ರೀಗೆ ಕೊಟ್ಟಳು. ಕೆಲಸದ ಹೆಂಗಸರಲ್ಲಿ ಪಿಯುಸಿ ಓದಿದವಳು ಅವಳೊಬ್ಬಳೇ.

“ಓದವಾ ಇದನ್ನ.”

“‘ನನ್ನ ವಯಸ್ಸು ಐವತ್ತೆಂಟು ಎಂದು ಒಪ್ಪಿದ್ದೇನೆ. ಪಿಂಚಣಿಯ ಬಗ್ಗೆ ಮುಂದೆ ತಕರಾರು ಮಾಡುವುದಿಲ್ಲ’ ಅಂತ ಐತಿ ಬೇ ಯಕ್ಕಾ.”

“ಓದಾಕ ಯಾವಾಕಿ ಹೇಳಿದ್ಲು ನಿನಗ, ಹಲ್ಕಟ್ ಸೂಳಿ!” ಕುಬೇರಪ್ಪ ಗದರಿದ. “ಏ ಗುಡ್ಡಿ, ಒತ್ತ ಸುಮ್ಮ!”

ಗುಡ್ಡವ್ವ ಎದ್ದು ನಿಂತಳು. “ನನ್ನ ಹಾಲಹಲ್ಲ ನಿಮ್ಮ ಗಿರಣಿ ತಗಡಿನ ಮ್ಯಾಲ ಬಿದ್ದೈತ್ರಿ ಸಾವ್ಕಾರ್ರ. ಅದನ್ನ ಕಿತ್ತಾಗ ನೀವ ನಕ್ಕಿದ್ರಿ. ಹದಿನೆಂಟಕ್ಕ ಯಾರ ಹಾಲಹಲ್ಲ ಬೀಳ್ತಾವ್ರಿ? ನಿಮ್ಮವ್ವಂದ ಬಿದ್ದಿತ್ತೇನ್ರಿ?”

ಅವನ ಕೈ ಮೇಲೆದ್ದಿತು. ಅದು ಇಳಿಯುವ ಮೊದಲೇ ಅವಳು ಹೆಬ್ಬೆರಳನ್ನು ಅವನ ಬಿಳಿ ಅಂಗಿಯ ಎದೆಯ ಮೇಲೆ ಊರಿ ಒತ್ತಿದಳು.

“ತಗೋರಿ, ಒತ್ತೇನಿ.”

ಶಾಲನ್ನು ಕಸದ ಬುಟ್ಟಿಗೆ ಹಾಕಿ, ಹೋಗಿ ತನ್ನ ರಾಶಿಯ ಮುಂದೆ ಕುಳಿತಳು.

“ಗೇಟಿನ ಹೊರಗ ಒಗೀರಿ ಇಕೀನ!”

ಯಾರೂ ಅಲುಗಲಿಲ್ಲ. ಭಾಗ್ಯಶ್ರೀ ಪ್ರಸಾದನ ಕಂಕುಳಲ್ಲಿದ್ದ ಹಾಜರಿ ಪುಸ್ತಕಕ್ಕೆ ಕೈ ಚಾಚಿದಳು.

“ನನ್ನ ವಯಸ್ಸು ಎಷ್ಟ ಬರದೀರಿ, ತೋರಸ್ರಿ.”

ಅವಳ ಹಿಂದೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಸಾಲು ನಿಂತರು.