ವಾಸಪ್ಪಗೌಡರ ಕಾರಿನ ಆಯಿಲ್ ಕೂಲರ್

ವಾಸಪ್ಪಗೌಡರ ಕಾರು ಕೆಟ್ಟು ನಿಂತೇ ಇದ್ದಿದ್ದರೆ ನಮ್ಮಪ್ಪನಿಗೆ ಮೂರು ಎಕರೆ ಗದ್ದೆ ಸಿಗುತ್ತಿತ್ತು. ಆ ಕಾರನ್ನು ರಿಪೇರಿ ಮಾಡಿಕೊಟ್ಟ ಮಹಾನುಭಾವ ನಾನೇ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಎಪ್ಪತ್ತಾರನೇ ಇಸವಿಯ ಮಾರ್ಚ್ ತಿಂಗಳು. ಗೇಣಿಗೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ನಮ್ಮಪ್ಪ ಸೀತಾರಾಮಪ್ಪ ಹೊಸನಗರದ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದ. ಗದ್ದೆ ಗೌಡರದು. ಮೂವತ್ತು ವರ್ಷ ಉತ್ತು ಗೇಣಿ ಭತ್ತ ಅಳೆದವನು ಅಪ್ಪ. ರಸೀದಿ ಮಾತ್ರ ಒಂದೂ ಇಲ್ಲ. ಗೌಡರ ಹತ್ತಿರ ರಸೀದಿ ಕೇಳಿದರೆ ಅವರ ಮಾತಿನ ಮೇಲೆ ಅನುಮಾನಪಟ್ಟಂತಾಗುತ್ತದೆ ಎಂದು ನಮ್ಮ ಮನೆಯವರ ನಂಬಿಕೆ.

ಗೌಡರು ಎರಡು ವಿಚಾರಣೆಗೆ ಬಂದಿರಲಿಲ್ಲ. ಕಾರು ಆಯಿಲು ಸೋರಿ ಕೊಟ್ಟಿಗೆ ಸೇರಿತ್ತು, ಬಸ್ಸು ಹತ್ತುವುದು ಅವರ ಅಂತಸ್ತಿಗೆ ಕಡಿಮೆ. ಮೂರನೇ ಸಲವೂ ಬಾರದಿದ್ದರೆ ಅವರಿಲ್ಲದೆಯೇ ತೀರ್ಮಾನವಾಗುತ್ತದೆ, ಅಕ್ಕಪಕ್ಕದ ಗದ್ದೆಯವರು ಸಾಕ್ಷಿ ಹೇಳಿದರೆ ಸಾಕು ಎಂದು ಅರ್ಜಿ ಬರೆದುಕೊಟ್ಟ ಶೇಷಪ್ಪ ಮಾಸ್ತರು ನಮಗೆ ಬಿಡಿಸಿ ಹೇಳಿದ್ದರು.

ಅಪ್ಪನಿಗೆ ಅದು ಹಿಡಿಸಲಿಲ್ಲ. ಗೌಡರ ಬೆನ್ನ ಹಿಂದೆ ಗದ್ದೆ ಬರೆಸಿಕೊಂಡರೆ ಕಳ್ಳತನವಂತೆ. ನಾನು ಕೆಲಸ ಮಾಡುತ್ತಿದ್ದ ಸಾಗರದ ಗ್ಯಾರೇಜಿಗೇ ಬಂದು ನಿಂತ.

"ಸೀತಾರಾಮ ಗೇಣಿಗೆ ಮಾಡ್ತಿದ್ದ ಅಂತ ಗೌಡ್ರ ಬಾಯಲ್ಲೇ ಬರ್ಲಿ. ಹೇಳ್ತೀನಿ ಅಂದಾರೆ. ನೀನು ಕಾರೊಂದು ಸರಿ ಮಾಡ್ಕೊಡು ಜಯಪ್ಪ."

ಸಾಕ್ಷಿಯವರಿಗೂ ಬರುವುದು ಬೇಡ ಎಂದು ಆಗಲೇ ಹೇಳಿ ಬಂದಿದ್ದ. ಜಗಳವಾಡಿದೆ. ಅಪ್ಪ ಊಟ ಬಿಟ್ಟು ಕೂತ. ಕೊನೆಗೆ ಒಪ್ಪಿದೆ.

ಅದು ಹಿಂದುಗಡೆ ಇಂಜಿನ್ನಿರುವ ಹಳೇ ಜರ್ಮನ್ ಕಾರು. ನೀರಿನ ರೇಡಿಯೇಟರ್ ಇಲ್ಲ. ಫ್ಯಾನಿನ ತಗಡಿನ ಕವಚದೊಳಗೆ ಆಯಿಲ್ ಕೂಲರ್ ನಿಂತಿರುತ್ತದೆ, ಬಿಸಿ ಆಯಿಲು ಅದರಲ್ಲಿ ಹರಿದು ತಣಿಯಬೇಕು. ಆ ಕೂಲರೇ ತೂತಾಗಿತ್ತು. ಹಿಂದೆ ಯಾರೋ ಹಾಕಿದ್ದ ಬೆಸುಗೆಯೂ ಬಿಟ್ಟಿತ್ತು. ಕಾರ್ಗಲ್ಲಿನಲ್ಲಿ ಗುಜರಿಗೆ ಬಿದ್ದಿದ್ದ ಅದೇ ಜಾತಿಯ ಕಾರಿನಿಂದ ಒಳ್ಳೆಯದೊಂದು ಬಿಚ್ಚಿ ತಂದು, ಗೌಡರ ಅಂಗಳದಲ್ಲಿ ಎರಡು ದಿನ ಕೂತು ಇಂಜಿನ್ ಇಳಿಸಿದೆ.

ಕೂಲರಿಗೂ ಇಂಜಿನ್ನಿಗೂ ನಡುವೆ ಎರಡು ರಬ್ಬರ್ ಸೀಲ್ ಕೂರುತ್ತವೆ. ನನ್ನ ಹತ್ತಿರ ಎರಡು ಅಳತೆಯವು ಇದ್ದವು. ತೆಳುವಾದದ್ದನ್ನು ಹಾಕಿದ್ದರೆ ಏಳೆಂಟು ಮೈಲಿಯೊಳಗೆ ಆಯಿಲೆಲ್ಲ ರಸ್ತೆಗೆ, ಗೌಡರು ನಡುದಾರಿಯಲ್ಲಿ. ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೇ ಬೆರಳಲ್ಲಿ ಹಿಡಿದು ಸುಮಾರು ಹೊತ್ತು ಕೂತಿದ್ದೆ. ಎದುರಿಗೆ ಅಪ್ಪ ತಗಡಿನ ಕವಚವನ್ನು ಎರಡೂ ಕೈಯಲ್ಲಿ ಹಿಡಿದು, ಮಗನ ಕೈಚಳಕ ನೋಡುತ್ತಾ ನಿಂತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸರಿಯಾದ ಸೀಲನ್ನೇ ಹಾಕಿದೆ.

ಕೆಲಸ ಮುಗಿದಾಗ ಗೌಡರು ಮಜೂರಿ ಎಷ್ಟೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಏನೂ ಬೇಡವೆಂದುಬಿಟ್ಟ.

ವಿಚಾರಣೆಯ ದಿನ ಕಾರು ಒಂದು ಗಂಟೆ ಮೊದಲೇ ಹೊಸನಗರ ಮುಟ್ಟಿತು. ಗೌಡರು ಮಂಡಳಿಯ ಮುಂದೆ ಕುರ್ಚಿಯಲ್ಲಿ ಕೂತು, ಅಪ್ಪನ ಮುಖ ನೋಡಿಕೊಂಡೇ ಹೇಳಿದರು.

"ಇವ್ರು ನಮ್ಮ ಮನೆ ಆಳುಗಳು ಸ್ವಾಮಿ. ಗೇಣಿ ಎಂತದೂ ಇಲ್ಲ. ಮೊನ್ನೆ ಇವನ ಮಗ ನನ್ನ ಕಾರು ರಿಪೇರಿ ಮಾಡ್ದ. ದುಡ್ಡು ತಗೊಂಡ್ನಾ, ಇವನನ್ನೇ ಕೇಳಿ."

ಅಧ್ಯಕ್ಷರು ಅಪ್ಪನ ಕಡೆ ತಿರುಗಿದರು. ಸುಳ್ಳು ಎಂದು ಒಂದು ಮಾತು ಹೇಳಬಹುದಿತ್ತು. ಅಳೆದ ಭತ್ತದ ಲೆಕ್ಕ ಹೇಳಬಹುದಿತ್ತು. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ.

"ಗೌಡ್ರ ಮನೆ ಕೆಲ್ಸಕ್ಕೆ ನಾವು ಯಾವತ್ತೂ ದುಡ್ಡು ಕೇಳಿದವ್ರಲ್ಲ ಸ್ವಾಮಿ," ಎಂದ ಅಪ್ಪ. ಅದೂ ಹೆಮ್ಮೆಯಿಂದ.

ಅದನ್ನೇ ಬರೆದುಕೊಂಡರು. ನಮ್ಮ ಪರವಾಗಿ ಹೇಳಲು ಬೇರೆ ಯಾರೂ ಇರಲಿಲ್ಲ. ಅರ್ಜಿ ವಜಾ ಆಯಿತು.

ಹೊರಗೆ ಬಂದರೆ ಸುಡು ಬಿಸಿಲು. ಗೌಡರ ಡ್ರೈವರ್ ಕೀಲಿ ತಿರುಗಿಸಿದ್ದೇ ತಡ ಇಂಜಿನ್ ಹಿಡಿಯಿತು. ಗೌಡರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ, ಊರಿಗೆ ತಾನೆ, ಹತ್ತು ಎಂದರು. ನಾನು ಅಪ್ಪನ ತೋಳು ಹಿಡಿದುಕೊಂಡೆ. ಅವನು ಮೆಲ್ಲಗೆ ಬಿಡಿಸಿಕೊಂಡು, ಕಾರು ಮಣ್ಣಾಗದ ಹಾಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಹಿಂದಿನ ಸೀಟಿಗೆ ಹತ್ತಿದ.

ನಾನು ಸಾಗರದ ಬಸ್ಸು ಹಿಡಿದೆ. ಅಪ್ಪ ಬದುಕಿದ್ದಷ್ಟು ದಿನ ಆ ಊರಿಗೆ ಮತ್ತೆ ಕಾಲಿಡಲಿಲ್ಲ.