ಮುಂದಿನ ಸೀಟಿನಲ್ಲಿ ಅಡವಯ್ಯ

ಹೆಣದ ಮೊಣಕಾಲು ಗೇರಿನ ಕೋಲಿಗೆ ತಾಗದಂತೆ ಕದರಪ್ಪ ರಬ್ಬರ್ ಪಟ್ಟಿಯನ್ನು ಇನ್ನೊಂದು ಸುತ್ತು ಎಳೆದು ಬಿಗಿದ. ಅಡವಯ್ಯ ಕಾರಿನ ಮುಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ವಿಭೂತಿ ಧರಿಸಿ, ಹೊರಡಲು ಇನ್ನೂ ಏಕೆ ತಡ ಎನ್ನುವವನಂತೆ ಕೂತಿದ್ದ. ಅವರ ಮನೆತನದವರನ್ನು ಕೂರಿಸಿಯೇ ಮಣ್ಣು ಮಾಡಬೇಕು, ಹಿರಿಯರ ಸಮಾಧಿಗಳೆಲ್ಲ ಪುರವರದಲ್ಲಿ. ಮಧುಗಿರಿಯಿಂದ ಅಷ್ಟು ದೂರ ಹೊತ್ತೊಯ್ಯಲು ಹೆಗಲು ಸಾಲದೆ, ಕದರಪ್ಪ ತಾನು ಓಡಿಸುವ ಸಾಹುಕಾರರ ಕಾರನ್ನೇ ಕೇಳಿ ತಂದಿದ್ದ. ಹಗ್ಗ ಜಾರುತ್ತದೆಂದು, ಅಡವಯ್ಯನ ಸೈಕಲ್ ಅಂಗಡಿಯಲ್ಲಿ ನೇತಾಡುತ್ತಿದ್ದ ಹಳೇ ಟ್ಯೂಬಿನ ಪಟ್ಟಿಯನ್ನು ತಂದು ಕಟ್ಟಿದ್ದ.

ಹಿಂದಿನ ಸೀಟಿನಲ್ಲಿ ಅಡವಯ್ಯನ ಹೆಂಡತಿ ಸಿದ್ದಗಂಗಮ್ಮ, ತಮ್ಮ ರೇಣುಕಯ್ಯ. ಬಿಲ್ವಪತ್ರೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ರೇಣುಕಯ್ಯ ಹೇಳಿದ:

"ನಮ್ಮಣ್ಣ ಗಾಡೀಲಿ ಸುಮ್ಕೆ ಕೂತೋನೇ ಅಲ್ಲ. ಅಂಗೋಡ್ಸು, ಇಂಗೋಡ್ಸು ಅಂತಿದ್ದ. ಇವತ್ತು ಒಂದ್ಮಾತಿಲ್ಲ ನೋಡು."

ಊರು ದಾಟಿ, ಬೆಟ್ಟ ಬೆನ್ನ ಹಿಂದಾದ ಮೇಲೆ ವಾಸನೆ ಬಂತು. ಸುಟ್ಟ ರಬ್ಬರಿನದು. ಹದಿನೈದು ವರ್ಷದಿಂದ ಆ ವಾಸನೆ ಕನಸಿನಲ್ಲಿ ಬಂದರೂ ಕದರಪ್ಪ ಬೆವತು ಎದ್ದು ಕೂರುತ್ತಿದ್ದ. ಗಾಲಿ ಗುಂಡಿಗಿಳಿದಾಗ ಅಡವಯ್ಯನ ತಲೆ ಮೆಲ್ಲಗೆ ಅವನತ್ತ ವಾಲಿತು. ಕಿವಿಯ ಪಕ್ಕದಲ್ಲೇ ಯಾರೋ "ನಿಲ್ಸು" ಎಂದಂತಾಯಿತು.

* * *

ಆಗ ಇಬ್ಬರೂ ಸಿರಾಗೆ ಹೋಗುವ ಒಂದು ಬಸ್ಸಿನಲ್ಲಿ ಕೆಲಸಕ್ಕಿದ್ದರು. ಅಡವಯ್ಯ ಓಡಿಸುವವನು, ಕದರಪ್ಪ ರಿಪೇರಿಯವನು.

"ಗಾಡಿಗೆ ಬಾಯಿಲ್ಲ ಕಣ್ಲಾ, ನಾತದಲ್ಲೇ ಹೇಳ್ತದೆ," ಎನ್ನುತ್ತಿದ್ದ ಅಡವಯ್ಯ. "ನಾತ ಬಂದ್ರೆ ಮೊದ್ಲು ನಿಲ್ಸು. ಗಾಲಿ ಮುಟ್ಟು, ಬೆಲ್ಟು ಮುಟ್ಟು, ವೈರು ಮುಟ್ಟು. ಕೊನೀಗೆ ಹೊಟ್ಟೆ ಕೆಳೀಕೆ ನುಗ್ಗು."

ಒಂದು ಬೆಳಿಗ್ಗೆ ಸೋರುತ್ತಿದ್ದ ಪೆಟ್ರೋಲ್ ಕೊಳವೆಗೆ ಕದರಪ್ಪ ಟ್ಯೂಬಿನ ಪಟ್ಟಿ ಸುತ್ತಿದ. ಅವಸರದಲ್ಲಿ ಅದರ ತುದಿಯನ್ನು ಮಡಚಿ ಸಿಕ್ಕಿಸಲಿಲ್ಲ. ತುದಿ ಜೋತು ಕಾದ ಹೊಗೆಕೊಳವೆಯ ಮೇಲೆ ಬಿತ್ತು. ದಾರಿಯಲ್ಲಿ ಅಡವಯ್ಯ ಮೂಗರಳಿಸಿ ಬಸ್ಸು ನಿಲ್ಲಿಸಿದ. ಜನರನ್ನೆಲ್ಲ ಬೈದು ಬೈದು ಇಳಿಸಿದ. ಕೋಳಿ ಬಿಟ್ಟು ಇಳಿಯುವುದಿಲ್ಲವೆಂದು ಹಟ ಹಿಡಿದ ಮುದುಕಿಯನ್ನು ಕೋಳಿಯ ಸಮೇತ ಎತ್ತಿ ತಂದ. ಆಮೇಲೆ ಬಸ್ಸು ಧಗಧಗ ಉರಿದುಹೋಯಿತು.

"ಯಾವನ್ಲಾ ಆ ಪಟ್ಟಿ ಕಟ್ಟಿದ್ದು?" ಎಂದು ಬಸ್ಸಿನ ಯಜಮಾನ ಕಿರುಚಿದ.

ಕದರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮನೆಯಲ್ಲಿ ಅವನ ಹೆಂಡತಿ ತುಂಬಿದ ಬಸುರಿ. ಅಡವಯ್ಯ ಅವನ ಮುಖವನ್ನೊಮ್ಮೆ ನೋಡಿದ.

"ನಾನೇ ಸ್ವಾಮಿ," ಎಂದ.

ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಬೆಟ್ಟದ ಬುಡದಲ್ಲಿ ಸೈಕಲ್ಲಿಗೆ ಪಂಚರು ಹಾಕುತ್ತಲೇ ಅವನ ಆಯುಸ್ಸು ಕಳೆಯಿತು. ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

* * *

ಕದರಪ್ಪ ಕಾರು ನಿಲ್ಲಿಸಿ ಇಳಿದ. ಗಾಲಿ ಮುಟ್ಟಿದ, ಬೆಲ್ಟು ಮುಟ್ಟಿದ, ವೈರು ಮುಟ್ಟಿದ. ಕೊನೆಗೆ ಕೆಳಗೆ ನುಗ್ಗಿದ. ಹೆಣಕ್ಕೆ ಕಟ್ಟಿದ ಪಟ್ಟಿಯ ತುದಿ ನೆಲಹಲಗೆಯ ಸಂದಿನಿಂದ ಇಳಿದು, ಹೊಗೆಕೊಳವೆಗೆ ಅಂಟಿ ಕರಗುತ್ತಿತ್ತು. ಕಟ್ಟಿದವನು ತಾನೇ. ಮತ್ತೆ ಅದೇ ತುದಿ. ಚಾಕುವಿನಿಂದ ಕೆರೆದು, ಕತ್ತರಿಸಿ, ಉಳಿದದ್ದನ್ನು ಮಡಚಿ ಸಿಕ್ಕಿಸಿದ.

"ಏನದು ಕದ್ರಣ್ಣ?" ಸಿದ್ದಗಂಗಮ್ಮ ಕೇಳಿದಳು.

"ಪಟ್ಟಿ ಅಕ್ಕ. ತುದಿ ಅಂಗೇ ಬುಟ್ಬುಟ್ಟಿದ್ದೆ."

"ಅವ್ರೂ ಇದೇ ಅಲ್ವ ಮಾಡಿದ್ದು? ಒಂದು ತುದಿ ಮಡಚಾಕೆ ಬರ್ಲಿಲ್ಲ ನಿಮ್ಗೆ ಅಂತ ಹದ್ನೈದು ವರ್ಸ ಹಂಗಿಸ್ದೆ. ಉಣ್ಣಾಕೆ ಕೂತಾಗ್ಲೂ ಬುಡ್ಲಿಲ್ಲ. ಒಂದಿನ ಎದುರಾಡ್ಲಿಲ್ಲ ಪುಣ್ಯಾತ್ಮ."

ಈಗ ಹೇಳಬೇಕು, ಮಣ್ಣಿಗಿಡುವ ಮುಂಚೆಯೇ ಹೇಳಬೇಕು ಎಂದು ಕದರಪ್ಪ ಬಾಯಿ ತೆರೆದ.

"ಹೊತ್ತಾಯ್ತು, ನಡಿ," ಎಂದ ರೇಣುಕಯ್ಯ.

ಅಷ್ಟೇ ಸಾಕಾಯಿತು ಹೇಡಿಗೆ. ಪುರವರದಲ್ಲಿ ಪಟ್ಟಿ ಬಿಚ್ಚಿ ಅಡವಯ್ಯನನ್ನು ಕುಣಿಯಲ್ಲಿ ಕೂರಿಸಿದಾಗ, ಬಿಲ್ವಪತ್ರೆ ಹಾಕುವ ಸರದಿ ಬಂದಾಗಲೂ ಅವನ ಬಾಯಿಂದ "ಅಣ್ಣ" ಎಂಬುದಕ್ಕಿಂತ ಹೆಚ್ಚು ಹೊರಡಲಿಲ್ಲ. ಮಣ್ಣು ಬಿತ್ತು.

ಜೀವ ಹೋದ ಜಾಗದಲ್ಲಿ ಕತ್ತಲಾಗುವ ಮುಂಚೆ ದೀಪ ಹಚ್ಚಬೇಕು. ಸಿದ್ದಗಂಗಮ್ಮ ಅದಕ್ಕಾಗಿ ಕಾರಿನಲ್ಲಿ ಮಧುಗಿರಿಗೆ ಹೊರಟಳು. ರೇಣುಕಯ್ಯ ಪುರವರದಲ್ಲೇ ಉಳಿದ. ಅರ್ಧ ಮೈಲಿ ಹೋಗಿಲ್ಲ, ಮತ್ತೆ ಅದೇ ವಾಸನೆ. ಕದರಪ್ಪ ಇಳಿದು ಎಲ್ಲ ಮುಟ್ಟಿದ, ಕೆಳಗೆ ನುಗ್ಗಿ ಬ್ಯಾಟರಿ ಬೆಳಕು ಬಿಟ್ಟು ಬಿಟ್ಟು ನೋಡಿದ. ಏನೂ ಇರಲಿಲ್ಲ.

"ಅಕ್ಕ, ನಿಂಗೆ ನಾತ ಬರ್ತೈತಾ?"

"ಇಲ್ವಲ್ಲ."

ಅವನು ಬಾಗಿಲು ಹಿಡಿದು ನಿಂತ. "ಬಸ್ಸಿನ ಪಟ್ಟಿ ಕಟ್ಟಿದ್ದು ನಾನು ಅಕ್ಕ. ಅಣ್ಣ ಅಲ್ಲ."

ಸಿದ್ದಗಂಗಮ್ಮ ಮುಂದಿನ ಖಾಲಿ ಸೀಟಿನತ್ತ ನೋಡಿದಳು.

"ಬೆಳಿಗ್ಗೆ ಹೇಳ್ಬಾರ್ದಿತ್ತಾ ಕದ್ರಣ್ಣ? ಇಲ್ಲೇ ಕೂತಿದ್ರಲ್ಲಪ್ಪ. ಮುಖ ನೋಡ್ಕಂಡು ತಪ್ಪಾಯ್ತು ಅಂತ ಒಂದ್ಮಾತು ಅಂತಿದ್ದೆ."

ಇಳಿದು ಪುರವರದ ಸಮಾಧಿಯ ಕಡೆಗೆ ವಾಪಸು ನಡೆಯತೊಡಗಿದಳು. ಅವನು ಎಷ್ಟು ಕರೆದರೂ ತಿರುಗಲಿಲ್ಲ. ಕದರಪ್ಪ ಕಾರು ತಿರುಗಿಸಿ ಅವಳ ಹಿಂದೆ ಮೆಲ್ಲಗೆ ಓಡಿಸಿದ. ಪಕ್ಕದ ಸೀಟಿನ ಮೇಲೆ ವಿಭೂತಿ ಚೆಲ್ಲಿತ್ತು. ಗೇರು ಬದಲಿಸುವಾಗ ಅವನ ಕೈ, ಅಲ್ಲಿಲ್ಲದ ಮೊಣಕಾಲಿಗೆ ತಾಗದಂತೆ, ಬಳಸಿಕೊಂಡು ಹೋಯಿತು.